ಡೀಸೆಲ್ ವಾಹನಕ್ಕೆ ಯೂರಿಯಾ ದ್ರಾವಣ: ಮಾಡುವುದೇನು, ತುಂಬಿಸುವುದು ಹೇಗೆ?

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್–6 ಮಾನದಂಡ ಜಾರಿಗೆ ಬಂದ ಮೇಲೆ ಬಹುತೇಕ ಹೊಸ ಲಾರಿ, ಟಿಪ್ಪರ್, ಬಸ್ಸುಗಳಲ್ಲಿ ಡೀಸೆಲ್ ಟ್ಯಾಂಕಿನ ಜೊತೆಗೆ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕು ಇರುತ್ತದೆ. ಚಾಲಕರು ಯೂರಿಯಾ ಎಂದೇ ಕರೆಯುವ, ಬಂಕುಗಳಲ್ಲಿ ಡಿಇಎಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್) ಅಥವಾ ಆಡ್‌ಬ್ಲೂ ಎಂಬ ಹೆಸರಿನಲ್ಲಿ ಸಿಗುವ ಈ ದ್ರಾವಣದಲ್ಲಿ ಶೇ 32.5ರಷ್ಟು ಅತಿಶುದ್ಧ ಯೂರಿಯಾ ಇದ್ದು, ಉಳಿದದ್ದು ಖನಿಜಾಂಶ ತೆಗೆದ ನೀರು. ಇದು ಡೀಸೆಲ್‌ಗೆ ಬೆರೆಯುವುದಿಲ್ಲ; ಇದರ ಕೆಲಸವೆಲ್ಲ ಸೈಲೆನ್ಸರ್ ಕೊಳವೆಯಲ್ಲಿ.

ಎಂಜಿನ್‌ನೊಳಗಿನ ವಿಪರೀತ ಶಾಖಕ್ಕೆ ಗಾಳಿಯ ಸಾರಜನಕ ಮತ್ತು ಆಮ್ಲಜನಕ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ಶ್ವಾಸನಾಳವನ್ನು ಕೆರಳಿಸುವ, ಬಿಸಿಲಿನಲ್ಲಿ ನೆಲಮಟ್ಟದ ಓಝೋನ್ ಹುಟ್ಟಲು ಕಾರಣವಾಗುವ ಈ ಅನಿಲಗಳು ಕಪ್ಪು ಹೊಗೆಯಂತೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವುಗಳ ಅಪಾಯವನ್ನು ನಾವು ಹಗುರವಾಗಿ ಕಾಣುತ್ತೇವೆ. ಭಾರಿ ವಾಹನಗಳಿಗೆ ಹಿಂದಿನ ಬಿಎಸ್–4ರಲ್ಲಿ ಪ್ರತಿ ಕಿಲೋವಾಟ್ ಗಂಟೆಗೆ 3.5 ಗ್ರಾಂ ಇದ್ದ ಇವುಗಳ ಮಿತಿ ಬಿಎಸ್–6ರಲ್ಲಿ 0.46 ಗ್ರಾಂಗೆ ಇಳಿಯಿತು. ಆ ಮಿತಿಯೊಳಗಿರಲು ನೆರವಾಗುವುದೇ ಈ ದ್ರಾವಣ.

ಹೊಗೆಯ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪಂಪು ಈ ದ್ರಾವಣವನ್ನು ಕೊಳವೆಯೊಳಗೆ ಸಣ್ಣ ಹನಿಗಳಾಗಿ ಸಿಂಪಡಿಸುತ್ತದೆ. ನೀರು ಆವಿಯಾಗಿ, ಯೂರಿಯಾ ಒಡೆದು ಅಮೋನಿಯ ಹೊರಬರುತ್ತದೆ. ಮುಂದೆ, ಜೇನುಹುಟ್ಟಿನಂತೆ ಒತ್ತೊತ್ತಾಗಿ ಕಣ್ಣುಗಳಿರುವ ವೇಗವರ್ಧಕದ (ಕ್ಯಾಟಲಿಸ್ಟ್) ಮೇಲೆ ನಾಲ್ಕು ಅಣು ಅಮೋನಿಯ, ನಾಲ್ಕು ಅಣು ನೈಟ್ರಿಕ್ ಆಕ್ಸೈಡ್ ಮತ್ತು ಒಂದು ಅಣು ಆಮ್ಲಜನಕ ವರ್ತಿಸಿ ನಾಲ್ಕು ಅಣು ಸಾರಜನಕ, ಆರು ಅಣು ನೀರು ಉಳಿಯುತ್ತವೆ. ಎಷ್ಟು ಸಿಂಪಡಿಸಬೇಕೆಂಬುದನ್ನು ಸೆನ್ಸರ್‌ಗಳ ಅಳತೆಯಂತೆ ಎಂಜಿನ್ನಿನ ಕಂಪ್ಯೂಟರ್ ನಿರ್ಧರಿಸುತ್ತದೆ.

ಕೊಳ್ಳುವಾಗ ಡಬ್ಬದ ಮೇಲೆ ಐಎಸ್‌ಒ 22241 ಎಂಬ ಗುರುತು, ತಯಾರಿಕೆಯ ದಿನಾಂಕ ಮತ್ತು ಒಡೆಯದ ಸೀಲು ಇವೆಯೇ ಎಂದು ನೋಡಬೇಕು. ಗೊಬ್ಬರದಂಗಡಿಯ ಯೂರಿಯಾವನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ತುಂಬಿಸುವುದಂತೂ ಎಂದಿಗೂ ಕೂಡದು. ರೈತರಿಗೆಂದು ಸರ್ಕಾರ ಸಹಾಯಧನ ಕೊಡುವ ಆ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನವಿರುತ್ತದೆ. ಅದರಲ್ಲಿರುವ ಬೈಯುರೆಟ್ ಎಂಬ ಕಲ್ಮಶ ಮತ್ತು ಗಡಸು ನೀರಿನ ಕ್ಯಾಲ್ಸಿಯಂ ಸಿಂಪಡಿಸುವ ನಳಿಕೆಯಲ್ಲಿ ಗಟ್ಟಿಕಟ್ಟುತ್ತವೆ, ವೇಗವರ್ಧಕವನ್ನು ಕೆಡಿಸುತ್ತವೆ. ಡಬ್ಬದ ಮೇಲೆ ಉಳಿಸಿದ ಹಣ ದುರಸ್ತಿಯ ಬಿಲ್ಲಿನ ಮುಂದೆ ಏನೇನೂ ಅಲ್ಲ, ಮೇಲಾಗಿ ಅದು ಹೊಲಕ್ಕೆ ಸೇರಬೇಕಾದ ಗೊಬ್ಬರ.

ತುಂಬಿಸುವ ಮೊದಲು ಎಂಜಿನ್ ನಿಲ್ಲಿಸಿ, ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಬೇಕು. ಆಯಿಲ್, ಡೀಸೆಲ್ ಸುರಿದ ಆಲಿಕೆಯನ್ನೂ ತಾಮ್ರ, ಹಿತ್ತಾಳೆಯ ಪಾತ್ರೆಯನ್ನೂ ಬಳಸಬಾರದು. ಹೊರಗೆ ಚೆಲ್ಲಿದ್ದು ಒಣಗಿದರೆ ಬಿಳಿ ಹರಳಾಗುತ್ತದೆ, ಆದ್ದರಿಂದ ಕೂಡಲೇ ನೀರಿನಿಂದ ತೊಳೆಯಬೇಕು. ಉಳಿದ ಡಬ್ಬವನ್ನು ಕ್ಯಾಬಿನ್‌ನ ಬಿಸಿಲಿಗೆ ಬಿಡದೆ 30 ಡಿಗ್ರಿಯೊಳಗಿನ ನೆರಳಿನಲ್ಲಿಡಬೇಕು. ಎಂಜಿನ್ ಆಫ್ ಮಾಡಿದೊಡನೆ ಬ್ಯಾಟರಿಯ ಮುಖ್ಯ ಸ್ವಿಚ್ ತೆಗೆಯುವ ರೂಢಿಯೂ ಬಿಡಬೇಕಾದದ್ದೇ, ಏಕೆಂದರೆ ಪೈಪಿನಲ್ಲಿ ಉಳಿದ ದ್ರಾವಣವನ್ನು ಪಂಪು ಹಿಂದಕ್ಕೆ ಎಳೆದುಕೊಳ್ಳಲು ಒಂದೆರಡು ನಿಮಿಷ ಬೇಕು.

ಕೈತಪ್ಪಿ ಈ ದ್ರಾವಣ ಡೀಸೆಲ್ ಟ್ಯಾಂಕಿಗೆ ಬಿದ್ದರೆ, ಅದು ಎಷ್ಟೇ ಸ್ವಲ್ಪವಾಗಿರಲಿ, ಕೀ ತಿರುಗಿಸಬೇಡಿ. ವಾಹನವನ್ನು ಇದ್ದಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಕರೆಸಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ.