ಅರಿಶಿನದ ಸಾರ ತೆಗೆಯುವಾಗ ಗಡಿಯಾರ ಬಿಟ್ಟು ಬಣ್ಣ ಅಳೆದೆ

ಮೊದಲೆಲ್ಲ ನಾನು ಅರಿಶಿನದಿಂದ ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಅನ್ನು ಎಥನಾಲ್‌ನಲ್ಲಿ (ಆಲ್ಕೋಹಾಲ್) ಕರಗಿಸಿ ತೆಗೆಯುವಾಗ ಗಡಿಯಾರ ನೋಡಿ ಕೆಲಸ ಮಾಡುತ್ತಿದ್ದೆ. ನಾಲ್ಕು ಗಂಟೆ ಅಂದರೆ ನಾಲ್ಕು ಗಂಟೆ. ಆಮೇಲೆ ಸ್ಯಾಂಪಲ್ ಎಚ್‌ಪಿಎಲ್‌ಸಿಗೆ (ದ್ರಾವಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಲ್ಯಾಬ್ ಯಂತ್ರ) ಹೋಗುತ್ತಿತ್ತು, ರಿಸಲ್ಟ್ ಬರುವುದು ಮರುದಿನ, ಅಷ್ಟೊತ್ತಿಗೆ ದ್ರಾವಣ ಸೋಸಿ ಆಗಿರುತ್ತಿತ್ತು, ಕಡಿಮೆ ಬಂದಿದ್ದರೂ ಸರಿಪಡಿಸುವ ಹಾಗಿರಲಿಲ್ಲ. ಒಳ್ಳೆಯ ಬೇರು ಹಾಗೆ ಹಾಳಾಗುವುದು ನೋಡಿ ಹೊಟ್ಟೆ ಉರಿಯುತ್ತಿತ್ತು.

ಅದಕ್ಕೆ ಪಾತ್ರೆಯ ಪಕ್ಕದಲ್ಲೇ ಅಳೆಯಲು ಶುರು ಮಾಡಿದೆ. ಮೊದಲು ಕೈಗೆ ಸಿಕ್ಕಿದ್ದು ಬ್ರಿಕ್ಸ್ ರಿಫ್ರ್ಯಾಕ್ಟೋಮೀಟರ್, ಅಂದರೆ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಸಕ್ಕರೆಯಂಥ ಕರಗಿದ ಅಂಶವನ್ನು ಹೇಳುವ ಮೀಟರ್. ಒಂದು ಹನಿ ಹಾಕಿದರೆ ಸಾಕು, ತಕ್ಷಣ ಅಂಕಿ ಬರುತ್ತದೆ. ಆದರೆ ಬರೀ ಎಥನಾಲ್ ಹಾಕಿದರೂ ಅದು 18ರ ಆಸುಪಾಸು ತೋರಿಸುತ್ತದೆ! ಮೇಲಾಗಿ ಕರಗಿದ ಎಣ್ಣೆ, ರಾಳ ಎಲ್ಲವೂ ಆ ಅಂಕಿಯಲ್ಲಿ ಸೇರಿಬಿಡುತ್ತವೆ. ನಮಗೆ ಬೇಕಾದದ್ದು ಅದಲ್ಲ, ಅಲ್ವಾ?

ಆಮೇಲೆ ಚಿಕ್ಕ ಸ್ಪೆಕ್ಟ್ರೋಫೋಟೋಮೀಟರ್ ತಂದೆ, ಒಂದು ಬಣ್ಣದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಅಂತ ಅಳೆಯುವ ಮೀಟರ್ ಅದು. ಕರ್ಕ್ಯುಮಿನ್ ಎಥನಾಲ್‌ನಲ್ಲಿ 425 ನ್ಯಾನೋಮೀಟರ್ ಹತ್ತಿರದ ಬೆಳಕನ್ನು ಚೆನ್ನಾಗಿ ಹೀರುತ್ತದೆ. 15 ನಿಮಿಷಕ್ಕೊಮ್ಮೆ ಒಂದು ಮಿಲಿಲೀಟರ್ ತೆಗೆದು, ಫಿಲ್ಟರ್ ಮಾಡಿ, ಅದೇ ಎಥನಾಲ್‌ನಿಂದ ತೆಳು ಮಾಡಿ ಓದುತ್ತೇನೆ. ತೆಳು ಮಾಡುವುದರಲ್ಲೇ ಎಲ್ಲ ಇದೆ. ಅಬ್ಸಾರ್ಬೆನ್ಸ್ (ಬೆಳಕು ಎಷ್ಟು ಹೀರಿತು ಅನ್ನುವ ಅಂಕಿ) 0.2 ರಿಂದ 0.8ರ ಒಳಗೆ ಇರುವ ಹಾಗೆ ನೋಡಿಕೊಳ್ಳಿ, ಗಾಢ ದ್ರಾವಣ ಹಾಗೇ ಇಟ್ಟರೆ ಮೀಟರ್ ಒಂದು ಮಿತಿಗೆ ಬಂದು ನಿಂತುಬಿಡುತ್ತದೆ, ನೀವು ಸಾರವೆಲ್ಲ ಬಂತು ಅಂದುಕೊಂಡು ಮೋಸ ಹೋಗುತ್ತೀರಿ. ನಾನು ಮೊದಲ ವಾರ ಹಾಗೇ ಮೋಸ ಹೋದೆ. ಮೋಡ ಕವಿದ ಹಾಗೆ ಕದಡಿದ ಸ್ಯಾಂಪಲ್ ಕೂಡ ಸುಮ್ನೆ ಅಂಕಿ ಏರಿಸುತ್ತದೆ, ಅದಕ್ಕೇ ಫಿಲ್ಟರ್ ಬಿಡಬಾರದು.

ಸತತ ಮೂರು ಓದು ಒಂದೇ ಬಂದರೆ ನಿಲ್ಲಿಸುತ್ತೇನೆ. ನುಣ್ಣಗೆ ಪುಡಿ ಮಾಡಿದ ಬ್ಯಾಚ್ ಎರಡೂವರೆ ಗಂಟೆಗೇ ನಿಂತಿತು, ತರಿತರಿ ಪುಡಿಯದು ನಾಲ್ಕು ಗಂಟೆ ಆದರೂ ಏರುತ್ತಲೇ ಇತ್ತು. ಗಡಿಯಾರ ಎರಡೂ ಕಡೆ ತಪ್ಪು ಹೇಳುತ್ತಿತ್ತು ಅಂತ ಆಗ ಗೊತ್ತಾಯಿತು.

ಈ ಓದು ಕರ್ಕ್ಯುಮಿನ್ ಒಂದನ್ನೇ ಹೇಳುವುದಿಲ್ಲ. ಅದರ ಜತೆಗಿರುವ ಇನ್ನೆರಡು ಕರ್ಕ್ಯುಮಿನಾಯ್ಡ್‌ಗಳೂ (ಅದೇ ಜಾತಿಯ ಹಳದಿ ಅಂಶಗಳು) ಸೇರುತ್ತವೆ, ಮೆಟನಿಲ್ ಯೆಲ್ಲೋ ಎಂಬ ಕೃತಕ ಬಣ್ಣ ಬೆರೆಸಿದ ಪುಡಿಯ ಹಳದಿಯೂ ಸೇರಬಹುದು. ಹಾಗಾಗಿ ಹೊಸ ಕಚ್ಚಾ ಸರಕು ಬಂದಾಗಲೆಲ್ಲ ಒಂದು ಟಿಎಲ್‌ಸಿ ಪ್ಲೇಟ್ (ಬಣ್ಣಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸಿ ತೋರಿಸುವ ತಟ್ಟೆ) ಓಡಿಸುತ್ತೇನೆ, ಅಸಲಿ ಅರಿಶಿನ ಮೂರು ಹಳದಿ ಚುಕ್ಕೆ ಕೊಡುತ್ತದೆ.

ಮುಂದೆ ಎನ್‌ಐಆರ್ ಪ್ರೋಬ್, ಅಂದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಅಳೆಯುವ ಕಡ್ಡಿ, ಹಾಕುವ ಆಸೆ ಇದೆ. ಅದರ ಕ್ಯಾಲಿಬ್ರೇಶನ್‌ಗೆ (ಗೊತ್ತಿರುವ ಅಂಕಿಗೆ ಹೋಲಿಸಿ ಹೊಂದಿಸುವುದಕ್ಕೆ) ಬಗೆಬಗೆಯ ಸ್ಯಾಂಪಲ್ ಜಾಸ್ತಿ ಬೇಕು. ಬೆಳಕು ಬಿದ್ದರೆ ಕರ್ಕ್ಯುಮಿನ್ ಕೆಡುವುದರಿಂದ ಪ್ರತಿ ಬ್ಯಾಚಿನದನ್ನೂ ಕಂದು ಬಾಟಲಿಯಲ್ಲಿ, ಎಚ್‌ಪಿಎಲ್‌ಸಿ ಅಂಕಿಯ ಚೀಟಿ ಅಂಟಿಸಿ ಎತ್ತಿಡುತ್ತಿದ್ದೇನೆ.