ಅಮ್ಮನ ಜೊತೆ ಬೋಧಗಯೆಗೆ: ಬೆಂಗಳೂರಿನಿಂದ ಹೊರಡುವವರಿಗೆ

ವಯಸ್ಸಾದವರನ್ನು ಬುದ್ಧನಿಗೆ ಜ್ಞಾನೋದಯವಾದ ಬೋಧಗಯೆಗೆ ಕರೆದುಕೊಂಡು ಹೋಗುವುದಾದರೆ ಆತುರ ಪಡಬೇಡಿ. ನಮ್ಮಮ್ಮನಿಗೆ ಮಂಡಿನೋವು. ಅದಕ್ಕೇ ಎಲ್ಲವನ್ನೂ ನಿಧಾನವಾಗಿ ನೋಡಿದೆವು, ಅದೇ ಒಳ್ಳೆಯದಾಯಿತು.

ರೈಲಿನಲ್ಲಾದರೆ ಸಂಘಮಿತ್ರಾ ಎಕ್ಸ್‌ಪ್ರೆಸ್ ಇದೆ. ಬೋಧಿವೃಕ್ಷದ ಕೊಂಬೆಯನ್ನು ಶ್ರೀಲಂಕಾಕ್ಕೆ ಒಯ್ದಳು ಅಂತಾರಲ್ಲ, ಅಶೋಕನ ಆ ಮಗಳ ಹೆಸರೇ ಈ ರೈಲಿಗೆ. ಪಟ್ನಾದವರೆಗೆ ಹೋಗಬೇಕಿಲ್ಲ, ಮೊಘಲ್‌ಸರಾಯ್‌ನಲ್ಲಿ ಇಳಿಯಿರಿ. ಟಿಕೆಟ್‌ನಲ್ಲಿ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ ಅಂತ ಇರುತ್ತದೆ. ವಾರಾಣಸಿ ಪಕ್ಕದಲ್ಲೇ ಇರುವುದರಿಂದ ಬುದ್ಧ ಮೊದಲ ಉಪದೇಶ ಕೊಟ್ಟ ಸಾರನಾಥ ನೋಡಿಕೊಂಡು, ಆಮೇಲೆ ಗಯಾ ರೈಲು ಹಿಡಿಯಿರಿ. ಗಯಾದಿಂದ ಬೋಧಗಯೆಗೆ ಆಟೋ ಸಿಗುತ್ತದೆ.

ಡಿಸೆಂಬರ್, ಜನವರಿಯ ಚಳಿಗೆ ನಮ್ಮ ಬೆಂಗಳೂರಿನ ಸ್ವೆಟರ್ ಸಾಲದು. ಮಹಾಬೋಧಿ ದೇವಸ್ಥಾನದಲ್ಲಿ ಚಪ್ಪಲಿ ಬಿಡಬೇಕು, ಬೆಳಗಿನ ಜಾವ ಕಲ್ಲು ಮಂಜುಗಡ್ಡೆ ಥರ ಇರುತ್ತದೆ. ದಪ್ಪ ಸಾಕ್ಸ್ ಮರೆಯಬೇಡಿ. ಮೊಬೈಲ್ ಒಳಗೆ ಬಿಡುವುದಿಲ್ಲ. ರೂಮಿನಲ್ಲೇ ಇಟ್ಟು ಬಂದರೆ ಕೌಂಟರ್ ಮುಂದೆ ನಿಲ್ಲುವುದು ತಪ್ಪುತ್ತದೆ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಗರ್ಭಗುಡಿಯಲ್ಲಿ ಬುದ್ಧ ಬಲಗೈಯಿಂದ ನೆಲ ಮುಟ್ಟಿ ಕೂತಿದ್ದಾನೆ. ಹಿಂದಿನ ಕ್ಯೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ. ತುಂಬಾ ಜನ ಅಲ್ಲಿಗೇ ಮುಗೀತು ಅಂದುಕೊಂಡು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರದಕ್ಷಿಣೆ ಹಾಕುತ್ತಾ ಗುಡಿಯ ಹಿಂಭಾಗಕ್ಕೆ, ಅಂದರೆ ಪಶ್ಚಿಮಕ್ಕೆ ಬನ್ನಿ. ಗೋಡೆಗೂ ಬೋಧಿವೃಕ್ಷಕ್ಕೂ ನಡುವೆ ವಜ್ರಾಸನದ, ಅಂದರೆ ಬುದ್ಧ ಧ್ಯಾನಕ್ಕೆ ಕೂತ ಜಾಗ ಅನ್ನುವ ಕಡೆಯ, ಕಲ್ಲುಚಪ್ಪಡಿ ಇದೆ. ಹಳೆಯ ಮರ 1876ರಲ್ಲಿ ಬಿದ್ದಿತ್ತು. ಈಗಿನದನ್ನು ಆಮೇಲೆ ನೆಡಿಸಿದವರು ಬ್ರಿಟಿಷ್ ಪುರಾತತ್ವಜ್ಞ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್. ಅದರ ಭಾರದ ಕೊಂಬೆಗಳಿಗೆ ಕಬ್ಬಿಣದ ಆಸರೆ ಕೊಟ್ಟಿದ್ದಾರೆ. ಅಮ್ಮ ಅಲ್ಲೇ ಸುಮ್ನೆ ಕೂತುಬಿಟ್ಟರು, ನಾನೂ ಏಳಿಸಲಿಲ್ಲ. ಒಂದೆಡೆ ಟಿಬೆಟಿನವರ ಮಂತ್ರ, ಇನ್ನೊಂದೆಡೆ ಬಿಳಿ ಬಟ್ಟೆ ಉಟ್ಟ ಶ್ರೀಲಂಕಾದವರ ಪ್ರಾರ್ಥನೆ. ಎಲೆಯೊಂದು ಬಿದ್ದರೆ ಸಾಕು, ನಾಲ್ಕು ಕೈ ಒಟ್ಟಿಗೇ ಮುಂದೆ ಬರುತ್ತವೆ. ಬಿದ್ದದ್ದನ್ನು ಎತ್ತಿಕೊಳ್ಳಿ, ಕೀಳಬೇಡಿ.

ಉತ್ತರದ ಗೋಡೆಯ ಪಕ್ಕದ ಉದ್ದನೆಯ ಜಗಲಿಯನ್ನೂ ನೋಡಿ. ಬುದ್ಧ ಹೆಜ್ಜೆಯಿಟ್ಟ ಜಾಗ ಅಂತ ಅಲ್ಲಿ ಸಾಲಾಗಿ ಕಲ್ಲಿನ ಕಮಲಗಳಿವೆ. ಜನ ಅವುಗಳ ಮೇಲೆ ಹೂ ಇಡುತ್ತಾರೆ.

ಸಂಜೆ ನಿರಂಜನಾ ನದಿಯ ಆಚೆ ಸುಜಾತಾ ಸ್ತೂಪಕ್ಕೆ ಹೋಗಿ. ಬುದ್ಧನಿಗೆ ಪಾಯಸ ಕೊಟ್ಟವಳ ನೆನಪಿನ ಸ್ತೂಪ ಅದು. ಸೇತುವೆ ದಾಟಲು ಆಟೋ ಮಾಡಿಕೊಳ್ಳಿ, ಮಂಡಿನೋವಿನವರಿಗೆ ನಡಿಗೆ ಜಾಸ್ತಿಯಾಗುತ್ತದೆ. ವಾಪಸ್ ಬರುವುದಕ್ಕೂ ಅದೇ ಆಟೋದವರನ್ನು ಮಾತಾಡಿಕೊಂಡಿರಿ.