ಉದ್ರಿ ಪುಸ್ತಕದಲ್ಲಿ ಬರೆದಿಟ್ಟ ಸಾವುಗಳು: ಬಿಜಿಎಂಐಯಲ್ಲಿ ನನ್ನ ಅನುಭವ

ನಾನು ಈಗ ಸಂಬಳಕ್ಕೆ ಬಿಜಿಎಂಐ ಆಡುತ್ತೇನೆ. ನಾಲ್ಕು ನಾಲ್ಕು ಜನರ ಟೀಮುಗಳು ಕೊನೆಗೆ ಒಂದೇ ಉಳಿಯುವವರೆಗೆ ಹೊಡೆದಾಡುವ ಮೊಬೈಲಿನ ಶೂಟಿಂಗ್ ಆಟ ಅದು. ಟೀಮಿನ ಐಜಿಎಲ್, ಅಂದರೆ ಆಟದ ನಡುವೆ ಎಲ್ಲಿಗೆ ಹೋಗಬೇಕು ಅಂತ ಹೇಳುವ ನಾಯಕ, ನಾನೇ. ಮೊದಲು ನಾನು ಆಟದಲ್ಲಿ ಹೇಗೆ ಹೇಗೆ ಸತ್ತೆವು ಅಂತ ಬರೆಯಲು ಪುಸ್ತಕ ಪೆನ್ನು ಹಿಡಿದು ಕೂತಾಗ "ಇವನು ಆಟ ಬಿಟ್ಟು ಲೆಕ್ಕ ಬರೀತಾನೆ" ಅಂದಿದ್ದ ಹುಡುಗರು ಇದ್ದಾರೆ. ಅವರೇ ಈಗ ಆ ಪುಸ್ತಕದಲ್ಲಿ ಏನೇನು ಕಾಲಂ ಹಾಕಿದ್ದೀಯ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡುತ್ತೇನೆ. ಪೂರ್ತಿ ಅಲ್ಲ, ಮುಕ್ಕಾಲು ಭಾಗ. ಫೋರ್ ಫಿಂಗರ್ (ನಾಲ್ಕು ಬೆರಳಲ್ಲಿ ಆಡುವುದು), ಗೈರೋ (ಫೋನು ಅಲ್ಲಾಡಿಸಿ ಗುರಿ ಹಿಡಿಯುವುದು), ಸ್ಕ್ರಿಮ್ಸ್ (ಟೀಮುಗಳ ನಡುವಿನ ಪ್ರ್ಯಾಕ್ಟೀಸ್ ಮ್ಯಾಚು) ಎಲ್ಲಾ ಆಡುವವರಿಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಮನೆ ಡೊಂಬಿವಲಿಯಲ್ಲಿ. ಅಪ್ಪಯ್ಯನದು ಕರಿ ರೋಡ್ ಸ್ಟೇಷನ್ ಹತ್ತಿರ ಎಂಟು ಟೇಬಲ್ಲಿನ ಹೋಟೆಲು. ಊರು ಕುಂದಾಪುರದ ಕಡೆ. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ಬ್ಯಾನ್ ಆಯಿತಲ್ಲ, ಆಗ ನಾನು ಎರಡು ಸೀಸನ್ ಕಾಂಕರರ್ ಅನ್ನುವ ಎಲ್ಲಕ್ಕಿಂತ ಮೇಲಿನ ರ‍್ಯಾಂಕ್ ಮುಟ್ಟಿದ್ದೆ. ರ‍್ಯಾಂಕ್ ಇತ್ತು, ಆದರೆ ಕೈಗೆ ಒಂದು ರೂಪಾಯಿ ಬಂದಿರಲಿಲ್ಲ. 2021ರ ಜುಲೈ 2ಕ್ಕೆ ಅದೇ ಆಟ ಭಾರತಕ್ಕೆ ಅಂತ ಬಿಜಿಎಂಐ ಹೆಸರಲ್ಲಿ ಬಂತು. ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡಲ್ಲಿ ಹಳೆಯ ಐಫೋನ್ ಎಕ್ಸ್‌ಆರ್ ತಗೊಂಡೆ. 24 ಸಾವಿರದ ಆಸುಪಾಸು ಕೊಟ್ಟ ನೆನಪು.

ಮೊದಲ ಟೀಮು ಸಿಕ್ಕಿತು. ತಿಂಗಳಿಗೆ 8 ಸಾವಿರ ಅಂತ ಬಾಯಿಮಾತು. ನಾಲ್ಕು ತಿಂಗಳು ಆಡಿಸಿದರು, ಒಂದು ಪೈಸೆ ಕೊಡಲಿಲ್ಲ. ಕಾಗದ ಇರಲಿಲ್ಲ, ಕೇಳುವುದು ಯಾರನ್ನು? 32 ಸಾವಿರ ಹೋಯಿತು. ಅಮ್ಮನ ಚೀಟಿಯ ಕಂತು ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕಿತ್ತು. ಅವಳು ಹಪ್ಪಳ, ಚಕ್ಕುಲಿ ಮಾಡಿ ಮಾರಿ ಕಟ್ಟಿದಳು. ಇದು ಇವತ್ತಿಗೂ ನನಗೆ ನೋವು.

ಆಗ ನನ್ನ ದಿನಚರಿ ಎಲ್ಲರ ಹಾಗೇ. ನಾಲ್ಕು ಗಂಟೆ ಟಿಡಿಎಂ (ಬರೀ ಗುಂಡು ಹೊಡೆಯುವ ಚಿಕ್ಕ ಮ್ಯಾಚು), ಆಮೇಲೆ ಸ್ಕ್ರಿಮ್ಸ್. ಏಮ್ ಚೆನ್ನಾಗಿತ್ತು. ಒನ್ ವಿ ಒನ್‌ನಲ್ಲಿ ನನ್ನನ್ನು ಸೋಲಿಸುವವರು ಕಮ್ಮಿ. ಆದರೆ ಪಾಯಿಂಟ್ ಟೇಬಲ್ಲಿನಲ್ಲಿ ನಮ್ಮ ಟೀಮು ಯಾವಾಗಲೂ ಹನ್ನೊಂದು, ಹನ್ನೆರಡು. ಯಾಕೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಇನ್ನೂ ಜಾಸ್ತಿ ಪ್ರ್ಯಾಕ್ಟೀಸ್ ಮಾಡಿ" ಅನ್ನೋದೊಂದೇ ಉತ್ತರ.

2022ರ ಜುಲೈ 28ಕ್ಕೆ ಮತ್ತೆ ಪೆಟ್ಟು ಬಿತ್ತು. ಬಿಜಿಎಂಐ ಸ್ಟೋರಿನಿಂದಲೇ ಹೋಯಿತು. ನಾನು ಹೋಟೆಲಿನ ಗಲ್ಲಾದಲ್ಲಿ ಕೂತೆ. ಅಲ್ಲೇ ಈ ಐಡಿಯಾ ಹುಟ್ಟಿದ್ದು.

ಅಪ್ಪಯ್ಯನ ಹತ್ತಿರ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಉದ್ರಿ ಪುಸ್ತಕ ಇದೆ. ಮೂಲೆಗಳಲ್ಲಿ ಅರಿಶಿನದ ಹೆಬ್ಬೆಟ್ಟು. ಅದರಲ್ಲಿ ಆವತ್ತಿನ ವ್ಯಾಪಾರ ಬರೆಯುವುದೇ ಇಲ್ಲ. ಯಾರು ಎಷ್ಟು ಬಾಕಿ, ಯಾವತ್ತಿನಿಂದ, ಯಾವ ಆಫೀಸಿನವರು, ಅಷ್ಟೇ. ಯಾಕೆ ಹೀಗೆ ಅಂತ ಕೇಳಿದೆ. "ಬಂದದ್ದ್ ಗಲ್ಲ ಹೇಳತ್ತ್ ಮಗಾ. ಹೋದದ್ ನಾವೇ ಬರ್ದಿಡ್ಕ್" ಅಂದರು.

ನನ್ನ ಫೋನಿನಲ್ಲಿ ಹಳೆಯ ಸ್ಕ್ರಿಮ್ಸ್ ರೆಕಾರ್ಡಿಂಗ್ ನೂರಾರು ಇದ್ದವು. ಚಿಕನ್ ಡಿನ್ನರ್ ಆದದ್ದನ್ನು, ಅಂದರೆ ಗೆದ್ದದ್ದನ್ನು, ನಾವು ಹತ್ತು ಸಲ ನೋಡಿದ್ದೆವು. ಸತ್ತದ್ದನ್ನು ಒಮ್ಮೆಯೂ ನೋಡಿರಲಿಲ್ಲ. ದಾದರಿನಲ್ಲಿ 140 ರೂಪಾಯಿಗೆ ಅಂಥದ್ದೇ ಒಂದು ಪುಸ್ತಕ ತಂದೆ. ಡೊಂಬಿವಲಿಯಿಂದ ಕರಿ ರೋಡಿಗೆ ಸ್ಲೋ ಲೋಕಲಿನಲ್ಲಿ ಒಂದು ಗಂಟೆಯ ಮೇಲೆ. ಹೋಗುವಾಗ ಎರಡು ಸಾವು ನೋಡುವುದು, ಗಲ್ಲಾದಲ್ಲಿ ಕೂತು ಬರೆಯುವುದು. ಬರುವಾಗ ಇನ್ನೆರಡು.

ಒಂದು ಎಂಟ್ರಿ ಇದ್ದ ಹಾಗೇ ಕೊಡುತ್ತೇನೆ. ಎರಾಂಗೆಲ್ ಆಟದ ಒಂದು ಮ್ಯಾಪು; ಮಿಲಿಟರಿ ಬೇಸ್, ಪೊಚಿಂಕಿ ಅದರೊಳಗಿನ ಜಾಗಗಳು. ಝೋನ್ ಅಂದರೆ ಕುಗ್ಗುತ್ತಾ ಹೋಗುವ ಸುರಕ್ಷಿತ ವೃತ್ತ, ಲೂಟ್ ಅಂದರೆ ಗನ್ನು, ಸಾಮಾನು ಹೆಕ್ಕುವುದು. "ಎರಾಂಗೆಲ್. ಝೋನು ಮಿಲಿಟರಿ ಬೇಸ್ ಕಡೆ. ನಾವು ಪೊಚಿಂಕಿ. ಲೂಟ್ ಮುಗಿದು 50 ಸೆಕೆಂಡ್ ಸುಮ್ನೆ ನಿಂತಿದ್ದೇವೆ. ಸೇತುವೆ ಮೇಲೆ ಎರಡೂ ಗಾಡಿ ಒಟ್ಟಿಗೆ. ಮೊದಲ ಬುಲೆಟ್ ಬಲಗಡೆಯಿಂದ. ಅಲ್ಲಿ ಟೀಮ್ ಇದೆ ಅಂತ ಎರಡು ನಿಮಿಷ ಹಿಂದೆಯೇ ಗೊತ್ತಿತ್ತು. ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ."

ಹೀಗೆ ಹತ್ತಿರ ಹತ್ತಿರ 400 ಸಾವು ಬರೆದೆ. ಗನ್‌ಫೈಟಿನಲ್ಲಿ ನೇರವಾಗಿ ಸೋತು ಸತ್ತದ್ದು ಮೂರರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದೆಲ್ಲ ತಡವಾಗಿ ಹೊರಟು ಸತ್ತದ್ದು, ಇಲ್ಲಾಂದ್ರೆ ಗೊತ್ತಿದ್ದ ಇನ್ಫೋ ಬಾಯಿಬಿಟ್ಟು ಹೇಳದೆ ಸತ್ತದ್ದು. ನಾವು ದಿನಕ್ಕೆ ನಾಲ್ಕು ಗಂಟೆ ಅರೆಯುತ್ತಿದ್ದದ್ದು ನಮ್ಮ ಕಾಯಿಲೆಯ ಮದ್ದೇ ಆಗಿರಲಿಲ್ಲ.

ಕಾಲಂಗಳು ಇಷ್ಟು: ಮ್ಯಾಪ್, ಝೋನ್ ಎಲ್ಲಿಗೆ ಹೋಯಿತು, ಹೊರಟ ಟೈಮು, ಮೊದಲು ಯಾರು ಯಾರನ್ನು ನೋಡಿದರು, ಆಗ ಕೈಯಲ್ಲಿದ್ದ ಸ್ಮೋಕ್ (ಹೊಗೆ ಬಾಂಬು) ಎಷ್ಟು, ಹೇಳದೆ ಉಳಿದ ಮಾತು. ಇನ್ನೆರಡು ಕಾಲಂ ಇವೆ, ಅವನ್ನು ಹೇಳಲ್ಲ. ಟೀಮಿನ ಅನ್ನ ಅದರಲ್ಲಿದೆ.

2023ರ ಮೇ ಕೊನೆಗೆ ಗೇಮ್ ವಾಪಸ್ ಬಂತು. ದೊಡ್ಡವರಿಗೆ ದಿನಕ್ಕೆ ಆರು ಗಂಟೆ ಲಿಮಿಟ್ ಹಾಕಿದ್ದರು. ಎಲ್ಲರೂ ಬೈದರು. ನನಗೆ ಅದು ಒಳ್ಳೆಯದೇ ಆಯಿತು. ಟಿಡಿಎಂ ನಲವತ್ತು ನಿಮಿಷಕ್ಕೆ ಇಳಿಸಿದೆ, ಉಳಿದ ಟೈಮು ಪುಸ್ತಕಕ್ಕೆ. ಆಗ ಹೊಸದಾಗಿ ಸೇರಿದ ಮೊದಲ ಟೀಮು ಒಪ್ಪಲಿಲ್ಲ, ಮೂರು ವಾರಕ್ಕೆ ಬಿಟ್ಟರು. ಎರಡನೆಯವರದೂ ಅದೇ ಕಥೆ. ಮೂರನೆಯದು ಘಾಟ್ಕೋಪರ್, ಭಾಂಡುಪಿನ ಹುಡುಗರದು. ಅವರಿಗೂ ನಂಬಿಕೆ ಇರಲಿಲ್ಲ, ಆದರೆ ಬೇರೆ ಐಜಿಎಲ್ ಸಿಕ್ಕಿರಲಿಲ್ಲ.

ಅವರಿಗೆ ಪಾಯಿಂಟ್ ಲೆಕ್ಕ ಹಾಕಿ ತೋರಿಸಿದೆ. ಎಂಟು ಫಿನಿಶ್ (ಎದುರಾಳಿಯನ್ನು ಮುಗಿಸುವುದು, ಒಂದಕ್ಕೆ ಒಂದು ಪಾಯಿಂಟ್) ಮಾಡಿ ಹತ್ತನೇ ಜಾಗದಲ್ಲಿ ಸತ್ತರೆ 8 ಪಾಯಿಂಟ್. ನಾಲ್ಕೇ ಫಿನಿಶ್, ಆದರೆ ಮೂರನೇ ಜಾಗ ಅಂದ್ರೆ ಜಾಗದ ಪಾಯಿಂಟೂ ಸೇರಿ 9. ಮೊದಲ ಎರಡು ವಾರ ಇನ್ನೂ ಹದಗೆಟ್ಟಿತು. ಬೇಗ ಹೊರಟು ಝೋನ್ ಒಳಗೆ ಸೇರುತ್ತಿದ್ದೆವು, ನಾಲ್ಕೂ ಕಡೆಯಿಂದ ಸಿಕ್ಕಿಬೀಳುತ್ತಿದ್ದೆವು. ಬೇಗ ಹೊರಡುವುದು ಬೇರೆ, ಸರಿಯಾದ ಕಾಂಪೌಂಡಿಗೆ (ಅಡಗಿ ಕೂರುವ ಮನೆಗಳ ಗುಂಪಿಗೆ) ಹೋಗುವುದು ಬೇರೆ. ಮೂರನೇ ವಾರ ಒಬ್ಬನನ್ನು ಮುಂದೆ ಕಳಿಸಿ ಆಮೇಲೆ ಮೂವರು ಹೋಗಲು ಶುರುಮಾಡಿದೆವು. ತಿಂಗಳೊಳಗೆ ನಮ್ಮ ಟೀಮು ಹನ್ನೆರಡರಿಂದ ನಾಲ್ಕು, ಐದಕ್ಕೆ ಬಂತು. ಏಮ್ ಮೊದಲಿನಷ್ಟೇ ಇತ್ತು, ಒಂದು ಚೂರೂ ಹೆಚ್ಚಾಗಿರಲಿಲ್ಲ.

ಈ ನಡುವೆ ಬೇರೆ ಪ್ರಯೋಗಗಳೂ ಆದವು. ಮುಂಬೈ ಮಳೆಗಾಲದಲ್ಲಿ ಹೆಬ್ಬೆರಳು ಬೆವರುತ್ತೆ, ಸ್ಕ್ರೀನು ಹಿಡಿಯುತ್ತೆ, ಅಲ್ವಾ? ಹೋಟೆಲಿನ ಕಾರ್ನ್‌ಫ್ಲೋರ್ ಹಚ್ಚಿ ನೋಡಿದೆ. ಐದು ನಿಮಿಷ ಚೆನ್ನಾಗಿ ಜಾರುತ್ತೆ, ಆಮೇಲೆ ಅಂಟು. ಅಕ್ಕಿ ಹಿಟ್ಟು ಸ್ವಲ್ಪ ಮೇಲು, ಆದರೆ ಸ್ಕ್ರೀನ್ ಗಾರ್ಡಿನಲ್ಲಿ ಗೀರು ಬೀಳುತ್ತೆ. ಕೊನೆಗೆ ನೂರು ರೂಪಾಯಿಯ ಬೆರಳುಚೀಲವೇ ಗತಿ. ಫೋನು ಬಿಸಿಯಾಗುತ್ತೆ ಅಂತ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟೆ. ಹೊರಗೆ ತೆಗೆದಾಗ ಮೈಯೆಲ್ಲ ನೀರು. ಚಾರ್ಜಿಂಗ್ ಪಾಯಿಂಟಿನಲ್ಲಿ ನೀರಿದೆ ಅಂತ ಎಚ್ಚರಿಕೆ ಬಂತು, ಆವತ್ತಿನ ಎರಡು ಮ್ಯಾಚು ಹೋಯಿತು. ಯಾರೂ ಹಾಗೆ ಮಾಡಬೇಡಿ. ಒಳ್ಳೆಯ ಖರ್ಚು ಅಂದ್ರೆ ರೂಟರಿಗೆ ಹಾಕಿದ ಪುಟ್ಟ ಯುಪಿಎಸ್, ಸುಮಾರು 1,500. ಕರೆಂಟು ಹೋದರೂ ಮ್ಯಾಚಿನ ರೂಮಿನಿಂದ ಹೊರಬೀಳಲಿಲ್ಲ.

ಮೊದಲ ದೊಡ್ಡ ಬಹುಮಾನ ಟೀಮಿಗೆ 1,20,000. ಟಿಡಿಎಸ್ (ಕೊಡುವ ಮೊದಲೇ ಕಡಿಯುವ ತೆರಿಗೆ) 30 ಪರ್ಸೆಂಟ್, ಅಲ್ಲಿಗೆ 36 ಸಾವಿರ ಹೋಯಿತು. ಉಳಿದದ್ದರಲ್ಲಿ ಟೀಮು ನಡೆಸುವ ಸಂಸ್ಥೆ, ಅಂದರೆ ಆರ್ಗ್‌ಗೆ 20 ಪರ್ಸೆಂಟ್. ನಾಲ್ವರಲ್ಲಿ ಹಂಚಿ ನನ್ನ ಪಾಲಿಗೆ ಬಂದದ್ದು 16,800. ಹುಡುಗರು ಬಹುಮಾನದ ಮೊತ್ತ ನೋಡಿ ಫೋನ್ ಬುಕ್ ಮಾಡುತ್ತಾರೆ, ಹಾಗೆ ಮಾಡಬೇಡಿ. ಕಡಿದ ಟಿಡಿಎಸ್ ನಿಮ್ಮ ಪ್ಯಾನ್ ಮೇಲೆ ಕಟ್ಟಿದ್ದಾರಾ ಅಂತ ಇನ್‌ಕಮ್ ಟ್ಯಾಕ್ಸ್ ಸೈಟಿನಲ್ಲಿ ನೋಡಿಕೊಳ್ಳಿ. ಆ 16,800ನ್ನು ಪೂರ್ತಿ ಅಮ್ಮನ ಕೈಗೆ ಕೊಟ್ಟೆ.

ಸಂಬಳದ ಕೆಲಸ ಸಿಕ್ಕಿದ್ದೂ ಪುಸ್ತಕದಿಂದಲೇ. ಈಗಿನ ಟೀಮಿನವರು ಟ್ರಯಲ್ಸ್‌ಗೆ ಕರೆದಾಗ ಹಿಂದಿನ ಮೂವತ್ತು ಮ್ಯಾಚಿನಲ್ಲಿ ಅವರು ಎಲ್ಲೆಲ್ಲಿ ಸತ್ತರು ಅಂತ ಬರೆದುಕೊಂಡು ಹೋಗಿದ್ದೆ. ಕೋಚ್ ಇಪ್ಪತ್ತು ನಿಮಿಷ ಮಾತಾಡಲಿಲ್ಲ, ಪುಟ ತಿರುವುತ್ತಲೇ ಇದ್ದರು. ವಾರದಲ್ಲಿ ಕಾಗದ ಕೈಗೆ ಬಂತು. ಶುರುವಿಗೆ 25 ಸಾವಿರ, ಈಗ 45ರ ಹತ್ತಿರ. ಖಾರ್ಘರಿನಲ್ಲಿ ಟೀಮು ಒಟ್ಟಿಗೆ ಉಳಿದು ಪ್ರ್ಯಾಕ್ಟೀಸ್ ಮಾಡುವ ಬೂಟ್‌ಕ್ಯಾಂಪಿನಲ್ಲಿ ಊಟ, ವಸತಿ ಬೇರೆ. ಸಹಿ ಹಾಕುವ ಮೊದಲು ಮಾವ ಕಾಗದವನ್ನು ಎರಡು ಸಲ ಓದಿದರು. ಇದೇ ಮಾವ "ಇಸ್ಪೀಟಿಗೂ ಇದಕ್ಕೂ ಎಂತ ವ್ಯತ್ಯಾಸ" ಅನ್ನುತ್ತಿದ್ದವರು.

ಟ್ರಯಲ್ಸ್‌ಗೆ ಒಯ್ದದ್ದು ಇಂಗ್ಲಿಷಿನಲ್ಲಿತ್ತು. ನನ್ನ ಮೂಲ ಪುಸ್ತಕ ಪೂರ್ತಿ ಕನ್ನಡ. ಏಳನೇ ಕ್ಲಾಸಿನವರೆಗೆ ನಾನು ಕಲಿತದ್ದು ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ. ಟೀಮಿನಲ್ಲಿ ಯಾರಿಗೂ ಕನ್ನಡ ಓದಲು ಬರಲ್ಲ. ದೊಡ್ಡ ಟೂರ್ನಮೆಂಟಿನಲ್ಲಿ ಎದುರಾಳಿಗಳ ಮುಂದೆಯೇ ಟೇಬಲ್ಲಿನ ಮೇಲೆ ಬಿಚ್ಚಿಟ್ಟು ಕೂರುತ್ತೇನೆ. ಈಗ ಮೂರನೇ ಪುಸ್ತಕ ನಡೀತಿದೆ, ಇದರಲ್ಲಿ ಮಿರಾಮಾರ್ ಮ್ಯಾಪಿಗೇ ಅರ್ಧ ಪುಟಗಳು. ಹೋದ ತಿಂಗಳು ಸಪೋರ್ಟ್ ಆಡುವ ಹುಡುಗ ತಾನೇ ಒಂದು ಕೆಂಪು ಪುಸ್ತಕ ತಂದುಕೊಂಡ. ಅವನು ಮರಾಠಿಯಲ್ಲಿ ಬರೀತಾನೆ.